ಗರಗಸ ಸಾಹೇಬರ ಕಬ್ಬಕ್ಕಿಗಳು

ನಮ್ಮ ಕಾಕಾ ಮಹಾಲಿಂಗಪ್ಪನವರಿಗೆ ‘ರಾವ್ ಸಾಹೇಬ’ ಆಗಬೇಕೆಂಬ ಹುಚ್ಚು ಹತ್ತಿದ್ದು ಬಂಕಾಪುರದ ಸಂತೆಯಲ್ಲಿ. ಸವಣೂರ ಕಡೆಯ ಒಬ್ಬ ಅರಳೆ ವ್ಯಾಪಾರಿಗೆ ಸರಕಾರ ಆ ಪದವಿ ಕೊಟ್ಟಿತ್ತು; ಅವನು ಅದನ್ನು ತನ್ನ ಎತ್ತಿನ ಗಾಡಿಯ ಹಿಂಬದಿಗೂ ಕೆಂಪು ಬಣ್ಣದಲ್ಲಿ ಬರೆಸಿದ್ದ. ಕಾಕಾ ಆ ಗಾಡಿಯ ಹಿಂದೆ ಅರ್ಧ ಮೈಲು ಧೂಳು ಕುಡಿಯುತ್ತ ಬಂದವರು ಎರಡು ದಿನ ಊಟ ಬಿಟ್ಟರು. ಶನಿ ಹಿಡಿದರೆ ಏಳೂವರೆ ವರ್ಷಕ್ಕಾದರೂ ಬಿಡುತ್ತಾನೆ, ಈ ‘ರಾವು’ ಬಿಡುವಂಥದ್ದಲ್ಲ ಎಂದು ನಾನು ಕಾಕು ಸರೋಜವ್ವನಿಗೆ ಹೇಳಿದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಮನೆಯಲ್ಲಿ ನನಗಿದ್ದ ಉದ್ಯೋಗ ಅದೊಂದೇ.

ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದು ವರ್ಷವಾಗಿತ್ತು. ಬಿ.ಎ. ಅಂದರೆ ‘ಬರೇ ಅಡ್ಡಾಟ’ ಎಂದು ಕಾಕಾ ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು. ನಾನು ಅವರ ದನಿಯಲ್ಲೇ, ಅವರ ಹಾಗೇ ಮೂಗಿನಿಂದ ಗಾಳಿ ಬಿಡುತ್ತ, ಅದೇ ಮಾತನ್ನು ಹಿಂದಿನ ಬಾಗಿಲಲ್ಲಿ ಹೇಳಿ ಹೆಂಗಸರನ್ನು ನಗಿಸುತ್ತಿದ್ದೆ.

೧೯೩೭ರ ದೀಪಾವಳಿ ಆದ ಮೇಲೆ ಕಾಕಾ ಭತ್ತದ ಕೆಲಸಕ್ಕೆ ಹಾನಗಲ್ಲಿಗೆ ಹೊರಟಾಗ ನನ್ನನ್ನೂ ಕರೆದೊಯ್ದರು. ಅಲ್ಲಿ ಕೆರೆಯ ಏರಿಯ ಮೇಲೆ ಒಬ್ಬ ಬಿಳಿ ದೊರೆ ದುರ್ಬೀನು ಕಣ್ಣಿಗಿಟ್ಟುಕೊಂಡು ನಿಂತಿದ್ದ. ಹೆಸರು ಗ್ರೆಗ್ಸನ್. ಗಟ್ಟದ ಕೆಳಗೆ, ಕಾರವಾರದ ಕಡೆ, ದೊಡ್ಡ ಅಧಿಕಾರಿ. ಪ್ರತಿ ವರ್ಷ ಕ್ರಿಸ್‌ಮಸ್ಸಿನ ರಜೆಗೆ ಕುಮಟೆಯ ಹತ್ತಿರ ಅಳಿವೆಯ ಬಾಯಲ್ಲಿ ಒಂದು ಬಂಗಲೆ ಹಿಡಿದು ಹದಿನೈದು ದಿನ ಸಮುದ್ರದ ಹಕ್ಕಿ ನೋಡುವುದು ಅವರ ರೂಢಿ. ಈ ವರ್ಷ ಅಲ್ಲಿ ಮಲೇರಿಯಾ ಎದ್ದಿತ್ತು. ಹೊಸ ಜಾಗ ಹುಡುಕುತ್ತ ಗಟ್ಟ ಹತ್ತಿ ಬಂದಿದ್ದರು. ಕರಾವಳಿಯಲ್ಲಿ ಕಲಿತ ಹತ್ತು ಕನ್ನಡ ಮಾತು ಅವರ ಬಳಿ ಇದ್ದವು. ಕಾಕಾನನ್ನು ನೋಡಿ ನಗುತ್ತ, “ಹಾಕಿ ಉಂಟು? ನಿಮ್ಮ ಊರು ಹಾಕಿ ಉಂಟು?” ಎಂದರು.

“ಹಾಕೇವ್ರಿ ಸಾಹೇಬ್ರ, ಜ್ವಾಳಾ ಹಾಕೇವಿ, ಹತ್ತಿ ಹಾಕೇವಿ,” ಎಂದರು ಕಾಕಾ.

“ಕಾಕಾ, ಹಕ್ಕಿ ಕೇಳಾಕತ್ತಾರ.”

“ಹಕ್ಕಿ? ಹಕ್ಕಿ ಏನ ಕೇಳತಾನೋ ಮಾರಾಯ, ಮುಗಲ ಕಾಣಂಗಿಲ್ಲ ಅಷ್ಟ ಅದಾವ ಅಂತ ಹೇಳ! ಸಮುದ್ರದ ಹಕ್ಕಿ ಎಲ್ಲಾ ಪುಷ್ಯದಾಗ ನಮ್ಮ ಕೆರಿಗೇ ಬರ್ತಾವ ಅಂತ ಹೇಳ! ನಮ್ಮ ತ್ವಾಟದ ಮನಿ ಐತಿ ಅಂತ ಹೇಳ!”

ಹೇಳಿದೆ. ಆವತ್ತಿನಿಂದ ನಾನು ದುಭಾಷಿಯಾದೆ. ಎರಡು ಭಾಷೆ ಬಲ್ಲವನು ದ್ವಿಭಾಷಿ ಎಂದು ಪಂಡಿತರು ಹೇಳುತ್ತಾರೆ. ನನ್ನ ಮಟ್ಟಿಗೆ ಆ ‘ದು’ ದುರ್ಬುದ್ಧಿಯಿಂದ ಬಂದದ್ದು.

ನಮ್ಮ ಊರು ಕೆರೆಕೊಪ್ಪ, ಹಿರೇಬೆಂಡಿಗೇರಿಯ ಆಚೆ. ಕಾಕಾ ಕೆರೆಯ ದಂಡೆಯ ತೋಟದ ಮನೆಗೆ ಸುಣ್ಣ ಹೊಡೆಸಿದರು, ಎಮ್ಮೆಗಳನ್ನು ಹೊರಗೆ ಹಾಕಿಸಿದರು, ಶಿಗ್ಗಾಂವದಿಂದ ಬೆತ್ತದ ಕುರ್ಚಿ, ಹುಬ್ಬಳ್ಳಿಯಿಂದ ಸಾಹೇಬರು ಕೂತು ಶೌಚಕ್ಕೆ ಹೋಗುವ ಪೆಟ್ಟಿಗೆ ತರಿಸಿದರು. ಆ ಪೆಟ್ಟಿಗೆಯನ್ನು ಊರವರೆಲ್ಲ ಸಾಲಾಗಿ ಬಂದು ನೋಡಿ ಹೋದರು. ಲಿಂಗವಂತರ ಮನೆಯಲ್ಲಿ ಸಾಹೇಬನ ಊಟ ಬೇಯುವಂತಿರಲಿಲ್ಲ. ಅದಕ್ಕೆ ಸವಣೂರಿನಿಂದ ಕರೀಮಸಾಬ ಬಂದ. ಹಿಂದೆ ಬಂಗಲೆಗಳಲ್ಲಿ ಅಡುಗೆ ಮಾಡಿದ್ದವನು, ಬಿಳಿ ಗಡ್ಡ, ಕಡ್ಡಿ ಮೈ, ಖಾರದ ಬಾಯಿ. ಸಾಹೇಬರ ಜೊತೆ ಮುರುಕು ಹಿಂದೂಸ್ತಾನಿ ಆಡುತ್ತಿದ್ದ. ಇಂಗ್ಲಿಷು ಆಡದಿದ್ದರೂ ಕಿವಿಗೆ ತಿಳಿಯುತ್ತಿತ್ತು. ಗ್ರೆಗ್ಸನ್ ಎಂಬ ಹೆಸರು ಊರವರ ಬಾಯಲ್ಲಿ ಎರಡೇ ದಿನಕ್ಕೆ ‘ಗರಗಸ’ ಆಯಿತು.

ಗರಗಸ ಸಾಹೇಬರು ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ನನ್ನನ್ನು ಕಾಡುವುದು ಅದೇ. ಕೆಟ್ಟವರಾಗಿದ್ದರೆ ಎಲ್ಲವನ್ನೂ ಅವರ ತಲೆಗೆ ಕಟ್ಟಿ ನಿದ್ದೆ ಮಾಡಬಹುದಿತ್ತು.

ಮೊದಲ ದಿನದ ಚಹಾ ಕುಡಿದು ಸಾಹೇಬರು, ಇದಕ್ಕೆ ಹೊಗೆ ಹಿಡಿದಿದೆ ಎಂದರು. “ಇಂಥಾ ಚಹಾ ವಿಲಾಯತಿಯೊಳಗೂ ಕುಡಿದಿಲ್ಲ ಅಂತಾರ್ರಿ,” ಎಂದು ನಾನು ಕಾಕಾಗೆ ಹೇಳಿದೆ. ಕಾಕಾ ಊದಿಕೊಂಡರು. ಸಾಹೇಬರು ಚಮಚೆ, ಮುಳ್ಳುಚಮಚೆ ಹಿಡಿದು ಉಣ್ಣುವುದನ್ನು ನೋಡಿ ಕಾಕಾ, “ಇಂವಾ ಏನ ಹುಲ್ಲಿನ ಬಣವಿ ತಿವಿದಂಗ ತಿವೀತಾನಲ್ಲೋ” ಎಂದರು. ತಮ್ಮ ಊಟ ದೇವರಿಗೆ ಮುಟ್ಟಲಿ ಎಂದು ಹಾರೈಸುತ್ತಿದ್ದಾರೆ ಎಂದು ಸಾಹೇಬರಿಗೆ ಹೇಳಿದೆ. ಕಾಕಾ ತೇಗಿದರೆ ಅದು ಅನ್ನಕ್ಕೆ ನಾವು ಮಾಡುವ ನಮಸ್ಕಾರ ಎಂದೆ. ಸಾಹೇಬರು ಅದನ್ನು ಚರ್ಮದ ಹೊದಿಕೆಯ ಪುಸ್ತಕದಲ್ಲಿ ಬರೆದುಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಪ್ರೀತಿಯಿಂದ ತಲೆಯಾಡಿಸಿದರು. ಇಷ್ಟು ಸುಖವಾದ ಆಟ ನಾನು ಕಾಲೇಜಿನಲ್ಲೂ ಆಡಿರಲಿಲ್ಲ.

ಕರೀಮಸಾಬ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. ತಟ್ಟೆ ಒಯ್ಯಲು ಬಂದಾಗ ನನಗೆ, “ತಮ್ಮಾ, ನಾ ಮಾಡಿದ ಸಾರಿಗೆ ನೀರ ಬೆರೆಸಿದ್ರ ಹೊಟ್ಟಿ ಕೆಡಂಗಿಲ್ಲ. ಮಾತಿಗೆ ಬೆರೆಸಬ್ಯಾಡ್ರಿ,” ಎಂದ.

“ನಗಸಾಕ ಮಾಡತೇನಿ ಚಾಚಾ.”

“ಯಾರಿಗೆ ನಗು ಬಂತು? ನಿಮಗೊಬ್ರಿಗೇ.”

ಮೂರನೆಯ ದಿನ ಸಂಜೆ ಕಬ್ಬಕ್ಕಿ ಬಂದವು. ಕಂಡವರಿಗೆ ಹೇಳಬೇಕಿಲ್ಲ, ಕಾಣದವರಿಗೆ ಇಷ್ಟು: ಗೊರವಂಕದ ಗಾತ್ರ, ತಲೆ ರೆಕ್ಕೆ ಕಪ್ಪು, ಮೈ ಮಾತ್ರ ಗುಲಾಬಿ. ಒಂದನ್ನೇ ನೋಡಿದರೆ ಮುದ್ದು ಬರುತ್ತದೆ. ಆದರೆ ಅವು ಒಂದಾಗಿ ಬರುವುದಿಲ್ಲ. ಪಡುವಣದಲ್ಲಿ ಹೊಗೆ ಎದ್ದಂತಾಗಿ, ಆ ಹೊಗೆ ಹೊರಳಿ, ಮಡಚಿ, ಬಿಚ್ಚಿ, ಕೆರೆಯ ಮೇಲೆ ಸುತ್ತು ಹೊಡೆದು ಜಾಲಿಗಿಡಗಳ ಮೇಲೆ ಸುರಿಯಿತು. ಸಾಹೇಬರು ದುರ್ಬೀನನ್ನು ಕಣ್ಣಿನಿಂದ ತೆಗೆಯದೆಯೇ ಮಾತಾಡಿದರು. ಇವು ತುರ್ಕರ ನಾಡಿನ ಆಚೆಯಿಂದ ಸಾವಿರಾರು ಮೈಲು ಹಾರಿ ಬರುತ್ತವೆ, ಇಷ್ಟನ್ನು ಒಟ್ಟಿಗೆ ಜೀವಮಾನದಲ್ಲಿ ನೋಡಿರಲಿಲ್ಲ ಎಂದರು. ಆಮೇಲೆ ಒಂದು ಮಾತು, ತಮ್ಮಷ್ಟಕ್ಕೇ ಅಂದುಕೊಂಡಂತೆ: “ಯಾರೂ ಇವನ್ನು ಗಾಬರಿಪಡಿಸದಿದ್ದರೆ ಎಷ್ಟು ಚೆಂದ.”

“ಏನಂದ್ರು?” ಎಂದರು ಕಾಕಾ.

ಈ ಒಂದು ಮಾತನ್ನು ಮಾತ್ರ ನಾನು ಅಕ್ಷರ ಬಿಡದೆ ಹೇಳಿದೆ.

ಮರುದಿನ ಬೆಳಿಗ್ಗೆ ಊರಲ್ಲಿ ಡಂಗುರ ಬಿತ್ತು. ಸಾಹೇಬರು ಇರುವ ತನಕ ಕೆರೆಯ ಬದಿಯ ಹೊಲಗಳಲ್ಲಿ ಯಾರೂ ಕವಣೆ ಬೀಸಬಾರದು, ಡಬ್ಬಿ ಬಡಿಯಬಾರದು, ಬಾಯಿ ಮಾಡಬಾರದು. ಕಾಕಾನ ಆಳು ಮೈಲಾರಲಿಂಗಪ್ಪ ಕೋಲು ಹಿಡಿದು ಸಾರಿ ಬಂದ.

ಈ ಮಾತಿನ ತೂಕ ತಿಳಿಯಬೇಕಾದರೆ ಹಿಂಗಾರಿ ಜೋಳದ ಸಂಗತಿ ತಿಳಿಯಬೇಕು. ಆ ಹೊತ್ತಿಗೆ ತೆನೆ ಹಾಲುಗಾಳಿನಲ್ಲಿ ಇರುತ್ತದೆ. ಕಾಳು ಹಿಸುಕಿದರೆ ಬಿಳಿ ಹಾಲು ಬರುತ್ತದೆ. ಆ ಮೂರು ವಾರ ಹೊಲದ ನಡುವೆ ಅಟ್ಟಣೆ ಕಟ್ಟಿ, ಬೆಳಕು ಹರಿಯುವ ಮೊದಲೇ ಏರಿ, ಹೊತ್ತು ಮುಳುಗುವ ತನಕ ಕವಣೆ ಬೀಸುತ್ತ ಕೂಗುತ್ತ ಕಾಯಬೇಕು. ಕಬ್ಬಕ್ಕಿಯ ಹಿಂಡು ಒಮ್ಮೆ ಇಳಿದರೆ ಹಾಲು ಹೀರಿ ಹೋಗುತ್ತದೆ. ತೆನೆ ದಂಟಿನ ಮೇಲೆ ನಿಂತೇ ಇರುತ್ತದೆ, ಒಳಗೆ ಹೊಟ್ಟು. ಮಳೆ ಹೋದರೆ ಇನ್ನೊಂದು ಮಳೆಗೆ ಕಾಯಬಹುದು. ಹಾಲು ಹೋದ ಕಾಳು ಮತ್ತೆ ತುಂಬುವುದಿಲ್ಲ.

ಕೆರೆಯ ಬದಿಯಲ್ಲಿ ಕಾಕಾ ತಾವು ಬಿತ್ತಿದ್ದೆಲ್ಲ ಹತ್ತಿ. ಹತ್ತಿಯನ್ನು ಹಕ್ಕಿ ಮುಟ್ಟುವುದಿಲ್ಲ. ಜೋಳವಿದ್ದದ್ದು ಒಂದೇ ಹೊಲದಲ್ಲಿ, ಹೊನ್ನವ್ವನ ಎರಡೆಕರೆಯಲ್ಲಿ. ಹೊಲ ಕಾಕಾನದು, ದುಡಿಮೆ ಅವಳದು, ಬಂದದ್ದರಲ್ಲಿ ಅರ್ಧರ್ಧ. ಗಂಡ ಸತ್ತು ಆರು ವರ್ಷವಾಗಿತ್ತು. ಮಗಳು ಚೌಡವ್ವ ಚೊಚ್ಚಲ ಬಸುರಿ, ಹೆರಿಗೆಗೆ ಬಂದು ಕೂತಿದ್ದಳು. ಊರಿನ ಉಳಿದ ಹೊಲಗಳಲ್ಲಿ ಜನ ಕೂಗಿ, ಡಬ್ಬಿ ಬಡಿದು ಹಕ್ಕಿ ಎಬ್ಬಿಸುತ್ತಿದ್ದರು. ಎದ್ದ ಹಕ್ಕಿ ಎಲ್ಲ ಕೂಗಿಲ್ಲದ ಒಂದೇ ಹೊಲಕ್ಕೆ ಬಂದು ಇಳಿಯುತ್ತಿದ್ದವು. ಹಕ್ಕಿಗೆ ಹಕ್ಕು ಬಂದಿತ್ತು. ಹೊನ್ನವ್ವನಿಗೆ ಹೊನ್ನೂ ಇರಲಿಲ್ಲ, ಹಕ್ಕೂ ಇರಲಿಲ್ಲ ಎಂದು ನಾನು ಆಗ ಒಂದು ಮಾತು ಕಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಚೆನ್ನಾಗಿದೆ ಅನಿಸಿ ನನಗೇ ನಾಚಿಕೆಯಾಯಿತು.

ಎರಡು ದಿನ ಅವಳು ಅಟ್ಟಣೆಯ ಮೇಲೆ ಬಾಯಿ ಮುಚ್ಚಿಕೊಂಡು, ಸೆರಗು ಬೀಸುತ್ತ ಕೂತಳು. ಸೆರಗಿಗೆ ಕಬ್ಬಕ್ಕಿ ಹೆದರುವುದಿಲ್ಲ. ಮೂರನೆಯ ದಿನ ಕಾಕಾನ ಅಂಗಳಕ್ಕೆ ಬಂದಳು.

“ಧಣೀ, ಹಿಂಗಾದ್ರ ತೆನಿಯೊಳಗ ಏನೂ ಉಳಿಯಂಗಿಲ್ರಿ.”

“ಹದಿನಾಕ ದಿನಾ ತಡಕೊಳಾಕ ಆಗಂಗಿಲ್ಲೇನ ನಿನಗ? ಊರಿಗೆ ಒಂದ ಮಾನ ಬರೂದೈತಿ.”

“ಮಾನ ನಿಮಗ ಬರ್ತೈತ್ರಿ. ನನಗ ರೊಟ್ಟಿ ಬರಬೇಕಲ್ರಿ.”

“ಬಾಯಿ ಬಾಳ ಆತು ನಿಂದು. ಆ ಬಾಯೀನ ಮುಚ್ಚ ಅಂತ ಡಂಗುರಾ ಹೊಡಿಸಿದ್ದು.”

ಅವಳು ನನ್ನ ಕಡೆ ನೋಡಿದಳು. ನಾನು ಹೆಗಲು ಕೆರೆದುಕೊಂಡೆ.

ಮರುದಿನ ಸಂಜೆ ಅವಳು ನೇರ ತೋಟದ ಮನೆಗೇ ಬಂದಳು. ಸಾಹೇಬರು ಬೆತ್ತದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರು, ಪಕ್ಕದಲ್ಲಿ ಕಾಕಾ, ನಡುವೆ ನಾನು. ಆ ದಿನವೇ ಮಧ್ಯಾಹ್ನ ಸಾಹೇಬರು, ತಮ್ಮ ಕಚೇರಿಯಲ್ಲಿ ಒಬ್ಬ ಗುಮಾಸ್ತನ ಜಾಗ ಖಾಲಿ ಇದೆ, ನಿನ್ನಂಥ ಚುರುಕಿನವನು ಬೇಕು, ಹೊರಡುವ ಮೊದಲು ಪತ್ರ ಬರೆದುಕೊಡುತ್ತೇನೆ ಎಂದು ನನಗೆ ಹೇಳಿದ್ದರು. ಇದನ್ನೂ ಹೇಳಿಬಿಡಬೇಕು.

ಹೊನ್ನವ್ವನ ಕೈಯಲ್ಲಿ ಒಂದು ಜೋಳದ ತೆನೆ ಇತ್ತು. ಅದನ್ನು ಸಾಹೇಬರ ಮೇಜಿನ ಮೇಲಿಟ್ಟಳು. ಕೈ ಮುಗಿದಳು.

“ಯಪ್ಪಾ ಸಾಹೇಬ, ನಿನ್ನ ಹಕ್ಕಿ ನೀ ನೋಡ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅವು ನನ್ನ ವರ್ಷದ ರೊಟ್ಟಿ ತಿನ್ನಾಕತ್ತಾವ. ಕಾಳು ಹಾಲಿನ್ಯಾಗ ಐತಿ. ಒಮ್ಮೆ ಹೀರಿದ್ರ ಮುಗೀತು. ನನ್ನ ಅಟ್ಟಣಿ ಮ್ಯಾಲೆ ನನ್ನ ಕೂಗಾಕ ಬಿಡು. ಕಲ್ಲ ಹೊಡೆಯಂಗಿಲ್ಲ, ಒಂದ ಹಕ್ಕೀನೂ ಸಾಯಂಗಿಲ್ಲ, ಬರೇ ಬಾಯಿಲೆ ಕೂಗ್ತೇನಿ. ಇಷ್ಟ ಮಾತ ನಮ್ಮ ಧಣ್ಯಾರಿಗೆ ಹೇಳ. ನಿನ್ನ ಕಾಲ ಹಿಡೀತೇನಿ.”

ಸಾಹೇಬರು ನನ್ನ ಮುಖ ನೋಡಿದರು. ಕಾಕಾ ನನ್ನ ಮುಖ ನೋಡಿದರು. ಕಾಕಾನ ನೋಟದಲ್ಲಿ ನನಗೆ ಹಾಕಿದ ಒಂದು ವರ್ಷದ ಅನ್ನವಿತ್ತು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಈಕೆ ಆ ಹೊಲದ ಒಡತಿ, ವಿಧವೆ. ದೂರದೇಶದ ಹಕ್ಕಿಗಳು ತನ್ನ ಹೊಲಕ್ಕೆ ಇಳಿದದ್ದು ತನ್ನ ಪುಣ್ಯ ಎನ್ನುತ್ತಾಳೆ. ಹಕ್ಕಿ ಮೊದಲು ಉಂಡ ಬೆಳೆ ಪ್ರಸಾದವಿದ್ದಂತೆ ಎಂಬುದು ನಮ್ಮವರ ನಂಬಿಕೆ. ಆ ಪ್ರಸಾದದ ತೆನೆಯನ್ನು ತಮಗೆ ಕಾಣಿಕೆ ತಂದಿದ್ದಾಳೆ.

ಸುಳ್ಳು ಹೇಳುವಾಗ ನನ್ನ ಇಂಗ್ಲಿಷು ಎಂದಿಗಿಂತ ಚೆನ್ನಾಗಿತ್ತು. ಹೆದರಿಕೆಯಿಂದ ಹೇಳಿದೆ ಎಂದರೆ ಅರ್ಧ ನಿಜ. ಹೇಳುತ್ತ ಹೇಳುತ್ತ ಸಾಹೇಬರ ಮುಖ ಅರಳುವುದನ್ನು ನೋಡಿ ಒಂದು ಮಾತಿಗೆ ಎರಡು ಪೋಣಿಸಿದೆನಲ್ಲ, ಅದು ಹೆದರಿಕೆಯಲ್ಲ.

ಸಾಹೇಬರು ಎದ್ದು ನಿಂತರು. ಟೋಪಿ ತೆಗೆದು, ಆ ಹರಕು ಸೀರೆಯವಳಿಗೆ, ರಾಣಿಗೆ ಬಾಗಿದ ಹಾಗೆ ಬಾಗಿದರು. “ಬಹಾಳ ಉಪಕಾರ, ಅಮ್ಮಾ,” ಎಂದು ತಮ್ಮ ಹತ್ತು ಮಾತುಗಳಲ್ಲಿ ಮೂರನ್ನು ಕೊಟ್ಟರು. ಒಳಗಿನಿಂದ ಒಂದು ಬಿಸ್ಕೀಟಿನ ಡಬ್ಬಿ ತರಿಸಿ ಅವಳ ಕೈಗಿಟ್ಟರು. ತೆನೆಯನ್ನು ಪುಸ್ತಕದ ಹಾಳೆಗಳ ನಡುವೆ ಜೋಪಾನ ಮಾಡಿದರು.

“ಏನಂದ್ರಪಾ?” ಎಂದಳು ಹೊನ್ನವ್ವ. ಅವಳ ಕಣ್ಣಲ್ಲಿ ನೀರಿತ್ತು.

“ಸಾಹೇಬ್ರು ಮನಸಿಗೆ ತಗೊಂಡಾರ. ನೀ ಹೋಗು.”

ಅಂಥ ದೊಡ್ಡ ಮನುಷ್ಯ ಎದ್ದು ನಿಂತು ಬಾಗಿದ ಮೇಲೆ ಅವಳು ನಂಬದೆ ಏನು ಮಾಡಿಯಾಳು? ಮರುದಿನ ಬೆಳಕು ಹರಿಯುವ ಮೊದಲೇ ಅಟ್ಟಣೆ ಏರಿ, ಎದೆ ಬಿರಿಯುವಂತೆ ಕೂಗಿದಳು. ಹಿಂಡು ಎದ್ದಿತು. ಒಂದು ತಾಸು ಹೊಲ ಅವಳದಾಗಿತ್ತು. ಅಷ್ಟರಲ್ಲಿ ಮೈಲಾರಲಿಂಗಪ್ಪ ಮತ್ತಿಬ್ಬರು ಆಳುಗಳೊಂದಿಗೆ ಬಂದು ಅವಳನ್ನು ಕೆಳಗಿಳಿಸಿ, ಅಟ್ಟಣೆಯ ಹಗ್ಗ ಕೊಯ್ದು ಗಳುಗಳನ್ನು ಹೊತ್ತೊಯ್ದ.

“ಸಾಹೇಬ್ರು ಒಪ್ಪ್ಯಾರೋ ನಮ್ಮಪ್ಪಾ, ಬಾಗಿ ಕೈ ಮುಗದಾರೋ,” ಎಂದು ಅವಳು ಹೇಳುತ್ತಿದ್ದಳಂತೆ.

“ನನಗ ಬಾಗಿಲ್ಲವಾ ಯಾರೂ. ನನಗ ಧಣ್ಯಾರು ಹೇಳ್ಯಾರ,” ಎಂದನಂತೆ ಮೈಲಾರಲಿಂಗಪ್ಪ. ಅವನಿಗೂ ಅದು ಇಷ್ಟವಿದ್ದ ಕೆಲಸವಲ್ಲ ಎಂದು ಆಮೇಲೆ ಗೊತ್ತಾಯಿತು. ಗೊತ್ತಾಗಿ ಏನು?

ಇಂಗ್ಲಿಷರ ಹೊಸ ವರ್ಷ, ನಮ್ಮ ಎಳ್ಳಮಾವಾಸ್ಯೆ ಆ ಸಲ ಕೂಡಿ ಬಂದವು. ಅಮಾವಾಸ್ಯೆಗೆ ನಮ್ಮ ಜನ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ: ರೊಟ್ಟಿ, ಕಡುಬು, ಪಲ್ಯ ಎಲ್ಲ ಕಲಸಿ, ‘ಹುಲ್ಲುಲ್ಲಿಗೋ’ ಎಂದು ಗಟ್ಟಿಯಾಗಿ ಕೂಗುತ್ತ ಹೊಲದ ಸುತ್ತ ತೂರುತ್ತ ಹೋಗುವುದು. ಆ ದಿನ ಎಲ್ಲ ಹೊಲಗಳಿಂದ ಕೂಗು ಕೇಳುತ್ತಿತ್ತು. ಕೆರೆಯ ಬದಿಗೆ ಹೊನ್ನವ್ವ ಒಬ್ಬಳೇ, ಬುಟ್ಟಿ ಸೊಂಟಕ್ಕಿಟ್ಟುಕೊಂಡು, ತುಟಿ ಬಿಗಿಹಿಡಿದು, ಸದ್ದಿಲ್ಲದೆ ಚರಗ ತೂರುತ್ತ ಸುತ್ತಿದಳು. ಗುಲಾಬಿ ಹಿಂಡು ಅವಳ ಮುಂದೆ ಅಷ್ಟು ಎದ್ದು ಹಿಂದೆ ಅಷ್ಟು ಇಳಿಯುತ್ತಿತ್ತು.

ಸಾಹೇಬರು ದುರ್ಬೀನಿನಲ್ಲಿ ನೋಡಿ, “ಅವಳು ಹಕ್ಕಿಗೆ ಬೇರೆ ಊಟವನ್ನೂ ಹಾಕುತ್ತಿದ್ದಾಳೆ!” ಎಂದರು. ಆ ಹೊತ್ತಿಗೆ ನನ್ನ ಸುಳ್ಳಿಗೆ ನನ್ನ ಸಹಾಯ ಬೇಕಿರಲಿಲ್ಲ.

ಕರೀಮಸಾಬ ಅದನ್ನು ಅಡುಗೆಮನೆಯ ಬಾಗಿಲಿಂದ ನೋಡಿದ. ಕೈ ಒರೆಸಿಕೊಂಡು ನೇರ ಜಗಲಿಗೆ ಬಂದು ಸಾಹೇಬರ ಮುಂದೆ ನಿಂತು, ಹಿಂದೂಸ್ತಾನಿಯಲ್ಲಿ ಶುರು ಮಾಡಿದ. ಹುಜೂರ್, ಆ ಹೆಂಗಸು ಖುಷಿಯಿಂದ ಇಲ್ಲ. ಅವಳ ಫಸಲು ಹೋಯಿತು. ಕೂಗಬಾರದು ಎಂದು ಹುಕುಂ ಆಗಿದೆ. ಮೊನ್ನೆ ಅವಳು ಅಳುತ್ತ ಬಂದದ್ದು ಅದಕ್ಕೇ.

ಸಾಹೇಬರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದರು. “ಬೆಳೆ ಹಾಳಾಗಿದೆ ಎನ್ನುತ್ತಿದ್ದಾನಲ್ಲವೇ? ಇದು ನಿಜವೇ, ಕರಿಬಸಪ್ಪ? ನಿಜವಾದರೆ ಈಗಲೇ ಆ ಹೆಂಗಸಿಗೆ ಕೂಗಲು ಹೇಳು. ನನಗೆ ಹಕ್ಕಿ ಬೇರೆ ಎಲ್ಲಾದರೂ ಸಿಗುತ್ತವೆ.”

ಜೀವನದಲ್ಲಿ ಒಂದು ಬಾಗಿಲು ಅಷ್ಟು ದೊಡ್ಡದಾಗಿ ತೆರೆದದ್ದನ್ನು ನಾನು ಮತ್ತೆ ಕಂಡಿಲ್ಲ. ‘ಹೌದು’ ಎಂಬ ಒಂದು ಮಾತು ಸಾಕಿತ್ತು. ಅರ್ಧ ತೆನೆ ಇನ್ನೂ ಉಳಿದಿದ್ದವು. ಆದರೆ ಹೌದು ಎಂದರೆ ಮೊನ್ನೆಯದು ಸುಳ್ಳು ಎಂದಾಗುತ್ತಿತ್ತು. ಪತ್ರ ಇನ್ನೂ ಬರೆದಿರಲಿಲ್ಲ.

“ಅಡುಗೆಯವನು ಇನಾಮಿನ ಆಸೆಗೆ ಏನೋ ಕಟ್ಟುತ್ತಿದ್ದಾನೆ, ಸರ್. ಆಕೆಗೂ ಅವನಿಗೂ ಏನೋ ಮಾತಾಗಿರಬೇಕು,” ಎಂದೆ.

ಸಾಹೇಬರು ನಿಟ್ಟುಸಿರು ಬಿಟ್ಟರು. ಅದು ನಿರಾಳವಾದ ಉಸಿರು. ಆ ಸುಂದರ ತೆನೆ, ಆ ಪ್ರಸಾದ, ಎಲ್ಲ ಮತ್ತೆ ನಿಜವಾಗಿತ್ತು. ಕರೀಮಸಾಬನಿಗೆ ಒಳಗೆ ಹೋಗಲು ಕೈ ಮಾಡಿದರು.

ಕರೀಮಸಾಬ ಹೋಗಲಿಲ್ಲ. ನನ್ನನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದ: “ನಾ ನಲವತ್ತ ವರ್ಷ ಸಾಹೇಬ್ರ ಎಂಜಲಾ ತೊಳದೇನಿ ತಮ್ಮಾ. ಇಂಥಾದ್ದು ತೊಳೆಯಾಕ ನನ್ನ ಕೈಲೆ ಆಗಂಗಿಲ್ಲ.” ಆಮೇಲೆ ತನ್ನ ಗಂಟು ಕಟ್ಟಿಕೊಂಡು, ಕೂಲಿಯನ್ನೂ ಕೇಳದೆ, ಸವಣೂರಿನ ದಾರಿ ಹಿಡಿದ. ಕೊನೆಯ ಎರಡು ದಿನ ಸಾಹೇಬರು ಡಬ್ಬಿಯ ಮೀನು ತಿಂದರು.

“ಮುದುಕ ಯಾಕ ಹೋದಾ?” ಎಂದರು ಕಾಕಾ.

“ಅವಗ ನಮ್ಮ ಉಪ್ಪು ಹತ್ತಲಿಲ್ರಿ,” ಎಂದೆ. ಕಾಕಾ ನಕ್ಕರು. ನನಗೆ ನಗು ಬರಲಿಲ್ಲ ಎಂದು ಬರೆದರೆ ನೀವು ನನ್ನನ್ನು ಸ್ವಲ್ಪ ಕ್ಷಮಿಸುತ್ತೀರಿ. ನಾನೂ ನಕ್ಕೆ.

ಸಾಹೇಬರು ಪತ್ರ ಬರೆದುಕೊಟ್ಟು ಹೋದರು. ಮಾಘದಲ್ಲಿ ಸುಗ್ಗಿಯಾಯಿತು. ಹೊನ್ನವ್ವನ ಹೊಲದಲ್ಲಿ ದಂಟು ಆಳೆತ್ತರ ನಿಂತಿತ್ತು. ಕೊಯ್ದು, ಕಣದಲ್ಲಿ ಹರಗಿ, ಎತ್ತು ತಿರುಗಿಸಿ ತೂರಿದಾಗ ಗಾಳಿಗೆ ಹೋದದ್ದೇ ಎಲ್ಲ. ಕಾಳು ಬಿದ್ದದ್ದು ಒಂದು ಮೂಲೆಯಲ್ಲಿ, ಕಸಬರಿಗೆಯಿಂದ ಗುಡಿಸಿಕೊಳ್ಳುವಷ್ಟು. ಕಾಕಾ ಕಣದ ಬದಿಗೆ ಕೊಡೆ ಹಿಡಿದು ನಿಂತಿದ್ದರು.

“ಇಷ್ಟ ಏನ?”

“ಉಳದದ್ದು ಸಾಹೇಬ್ರ ಹಕ್ಕಿ ಒಯ್ದಾವ್ರಿ.”

“ಹೊಲಾ ಕಾಯಾಕ ಬರಲಾರದಾಕಿಗೆ ಹೊಲಾ ಯಾಕ ಬೇಕ?”

“ಕಾಯಬ್ಯಾಡ ಅಂದವ್ರು ನೀವ ಅಲ್ಲೇನ್ರಿ?”

“ಸಾಹೇಬ್ರು ಇದ್ದದ್ದು ಹದಿನಾಕ ದಿನ. ವರ್ಷಕ್ಕ ದಿನಾ ಎಷ್ಟವಾ? ಉಳದ ದಿನಾ ಏನ ಮಾಡಿದಿ?”

ಅವಳು ಕಸಬರಿಗೆ ಹಿಡಿದು ಮೂಲೆಯ ಕಾಳು ಗುಡಿಸತೊಡಗಿದಳು. ಆ ಪ್ರಶ್ನೆಗೆ ಉತ್ತರ ಕೊಡುವ ಭಾಷೆ ಯಾವುದೂ ನನಗೂ ಗೊತ್ತಿಲ್ಲ. ಯುಗಾದಿಗೆ ಮೊದಲೇ ಹೊಲ ಹಿರೇಕೆರೂರ ಕಡೆಯಿಂದ ಬಂದ ಒಬ್ಬನ ಪಾಲಾಯಿತು. ಹೊನ್ನವ್ವ ಮಗಳನ್ನೂ ಹಸುಗೂಸನ್ನೂ ಕರೆದುಕೊಂಡು ಸವಣೂರಿಗೆ ಹೋದಳು. ಅಲ್ಲಿ ಎಲೆಬಳ್ಳಿಯ ತೋಟದಲ್ಲಿ ಎಲೆ ಕೊಯ್ಯುವ ಕೆಲಸ ಕೊಡಿಸಿದವನು ಕರೀಮಸಾಬ. ನಾನು ಕಾರವಾರಕ್ಕೆ ಹೋದೆ.

ಕಚೇರಿಯಲ್ಲಿ ನನಗೆ ತಿಳಿದ ಮೊದಲ ಸಂಗತಿ: ಗಟ್ಟದ ಕೆಳಗಿನ ಅಧಿಕಾರಿಯ ಮಾತು ಗಟ್ಟದ ಮೇಲಿನ ಜಿಲ್ಲೆಯಲ್ಲಿ ನಡೆಯುವುದಿಲ್ಲ. ಕೆರೆಕೊಪ್ಪದ ಯಾರಿಗೂ ಯಾವ ಪದವಿಯನ್ನೂ ಕೊಡಿಸುವ ಅಧಿಕಾರ ಗ್ರೆಗ್ಸನ್‌ರಿಗೆ ಇರಲೇ ಇಲ್ಲ. ಕಾಕಾಗೆ ನಾನು ಇದನ್ನು ಬರೆಯಲಿಲ್ಲ. ಎರಡನೆಯ ಸಂಗತಿ: ಸಾಹೇಬರು ಹಕ್ಕಿಯ ಬಗ್ಗೆ ಒಂದು ಲೇಖನ ಬರೆದಿದ್ದರು. ಅದನ್ನು ಟೈಪು ಮಾಡುವುದು ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಇಡೀ ಪುಟ ನನ್ನ ಹೊನ್ನವ್ವ ಇದ್ದಳು. ‘ಹಕ್ಕಿ ಮೊದಲು ಉಂಡ ಬೆಳೆ ಪ್ರಸಾದವೆಂದು ನಂಬುವ ಈ ಬಡ ರೈತ ವಿಧವೆಯ ಮುಂದೆ ನಮ್ಮ ವಿದ್ಯೆ ಎಷ್ಟರದು’ ಎಂದು ಸಾಹೇಬರು ಕೇಳಿದ್ದರು. ನಾನು ಒಂದೂ ತಪ್ಪಿಲ್ಲದೆ ಟೈಪು ಮಾಡಿಕೊಟ್ಟೆ.

ಆ ವರ್ಷದ ಕ್ರಿಸ್‌ಮಸ್ಸಿಗೆ ಸಾಹೇಬರು ಮತ್ತೆ ಕೆರೆಕೊಪ್ಪಕ್ಕೇ ಹೊರಟರು, ನನ್ನನ್ನು ಜೊತೆಗೆ ಕರೆದುಕೊಂಡು. ಕಾಕಾ ಹೊಸ ರುಮಾಲು ಸುತ್ತಿ ಕಾದಿದ್ದರು. ಸರಕಾರದ ಪದವಿಗಳ ಜೂನಿನ ಯಾದಿಯಲ್ಲಿ ತಪ್ಪಿದ್ದು ಜನವರಿಗೆ ಬಂದೀತೆಂದು ಇನ್ನೂ ನಂಬಿದ್ದರು. ಮೂರು ದಿನ ಕಳೆದರೂ ಕಬ್ಬಕ್ಕಿ ಬರಲಿಲ್ಲ. ಹೊಸ ಪಾಲುಗಾರ ಆ ಹೊಲಕ್ಕೂ ಹತ್ತಿ ಹಾಕಿದ್ದ. ಬರೇ ಹತ್ತಿಯಿರುವ ಕೆರೆದಂಡೆಯಲ್ಲಿ ಅವುಗಳಿಗೆ ಏನು ಕೆಲಸ?

ಸಾಹೇಬರಿಗೆ ಬೇಸರವಾಯಿತು. “ಹೋಗಲಿ, ಆ ಹೆಂಗಸನ್ನಾದರೂ ನೋಡಬೇಕು. ಅವಳ ಬಗ್ಗೆ ಬರೆದದ್ದನ್ನು ಅವಳಿಗೆ ಹೇಳಬೇಕು,” ಎಂದರು.

ಅವಳು ಊರಲ್ಲಿಲ್ಲ ಎಂದು ಕಾಕಾ ಹೇಳಿಯಾರೇ? ಸವಣೂರಿಗೆ ಗಾಡಿ ಹೋಯಿತು. ಮರುದಿನ ಮಧ್ಯಾಹ್ನ ಹೊನ್ನವ್ವ ಬಂದು ತೋಟದ ಮನೆಯ ಅಂಗಳದಲ್ಲಿ ನಿಂತಳು. ಬೆರಳ ತುದಿ ಎಲೆಯ ಕರೆಯಿಂದ ಕಪ್ಪಾಗಿದ್ದವು. ಕೂತುಕೋ ಎಂದರೂ ಕೂರಲಿಲ್ಲ. ಹತ್ತಿಯ ಹೊಲದ ಕಡೆ ಒಂದು ಸಲ ನೋಡಿದಳು, ಅಷ್ಟೆ.

ಸಾಹೇಬರು ಮಾತಾಡಿದರು. ಇಷ್ಟು ವರ್ಷ ಈ ದೇಶದಲ್ಲಿದ್ದು ಯಾರ ಬಾಯಿಂದಲೂ ಅಂಥ ಮಾತು ಕೇಳಿರಲಿಲ್ಲ, ಅದನ್ನು ಇಂಗ್ಲೆಂಡಿನಲ್ಲಿ ತಮ್ಮ ತಾಯಿಗೂ ಬರೆದು ಕಳಿಸಿದ್ದೇನೆ, ಆ ಮಾತನ್ನು ಇನ್ನೊಮ್ಮೆ ಅವಳ ಬಾಯಿಂದಲೇ ಕೇಳುವ ಆಸೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ಕಾದರು.

ನಾನು ಹೊನ್ನವ್ವನಿಗೆ ಹೇಳಿದೆ: “ಸಾಹೇಬ್ರು ನಿನ್ನ ಬಾಳ ನೆನಸತಾರವಾ. ಹೋದ ವರ್ಷ ನೀ ಏನ ಅಂದಿದ್ದಿ, ಅದನ್ನ ಮತ್ತೊಮ್ಮೆ ಕೇಳಬೇಕಂತ.”

ಅವಳು ನನ್ನನ್ನು ನೋಡಿದಳು. ಕರೀಮಸಾಬ ಅವಳಿಗೆ ಎಲ್ಲ ಹೇಳಿದ್ದಾನೆ ಎಂಬುದು ಆ ನೋಟದಲ್ಲೇ ತಿಳಿಯಿತು. ಸಿಟ್ಟಿರಲಿಲ್ಲ. ಬಿಸಿಲಲ್ಲಿ ನಿಂತು ದಣಿದವರು ನೆರಳಿಲ್ಲದ ಗಿಡವನ್ನು ನೋಡುವ ಹಾಗೆ ನೋಡಿದಳು.

“ಅವತ್ತ ನೀ ಏನ ಹೇಳಿದ್ದಿ, ಅದನ್ನ ಹೇಳಿ ಮುಗಸಪಾ. ಹೊತ್ತ ಮುಣಗೂದ್ರಾಗ ನಾ ಸವಣೂರ ಮುಟ್ಟಬೇಕು. ಕೂಸಿಗೆ ಮೈ ಕಾಯಾಕತ್ತೈತಿ.”

“ಏನೆಂದಳು?” ಎಂದರು ಸಾಹೇಬರು, ಪುಸ್ತಕ ಬಿಚ್ಚಿ, ಸೀಸಕಡ್ಡಿ ಹಿಡಿದು.

ನಾನು ಹೇಳಿದೆ. ಹೋದ ವರ್ಷಕ್ಕಿಂತ ಚೆನ್ನಾಗಿಯೇ ಹೇಳಿದೆ. ಸಾಹೇಬರು ಎದ್ದು ಟೋಪಿ ತೆಗೆಯುವ ಹೊತ್ತಿಗೆ ಅವಳು ಬೆನ್ನು ತಿರುಗಿಸಿ, ಗಾಡಿಯ ಕಡೆ ನಡೆಯುತ್ತಿದ್ದಳು.